ಆಟದ ಅಂಕಣದ ಗೆರೆಗೆ ಯಾವುದು ಸರಿ? ಸುಣ್ಣ, ಚಾಕ್ ಪುಡಿ, ರಂಗೋಲಿ, ಪೇಂಟ್, ನವಾರ ಎಲ್ಲ ಹಾಕಿ ನೋಡಿದ ಮೇಲೆ

ಮೂರು ವರ್ಷದ ಹಿಂದಿನ ಮಾತು. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಇನ್ನೊಂದು ವಾರ ಇತ್ತು. ಸಂಜೆ ಕಬಡ್ಡಿ ಪ್ರಾಕ್ಟೀಸ್ ನಡೀತಿತ್ತು. ಎಂಟನೇ ತರಗತಿಯ ಹುಡುಗಿಯೊಬ್ಬಳು ರೈಡ್ ಹೋಗಿ ಬೋನಸ್ ಗೆರೆ ದಾಟಿದಳು. ತಿರುಗುವಷ್ಟರಲ್ಲಿ ಮೂವರು ಸೇರಿ ಹಿಡಿದರು. ಮುಖ ಅಡಿಯಾಗಿ ಗೆರೆಯ ಮೇಲೇ ಬಿದ್ದಳು. ಎದ್ದು ಕೂತವಳು ಕಣ್ಣು ಬಿಡಲೇ ಇಲ್ಲ. "ಕಣ್ಣು ಉರಿತೈತೆ ಸಾರ್" ಅಂತ ಅಳೋಕೆ ಶುರು ಮಾಡಿದಳು.

ಆ ಗೆರೆಗೆ ಬೆಳಗ್ಗೆ ಸುಣ್ಣ ಹಾಕಿದ್ದು ನಾನೇ. ಹದಿನೈದು ವರ್ಷದಿಂದ ಹಾಗೇ ಹಾಕ್ತಾ ಬಂದಿದ್ದೆ. ನನಗೆ ಕಲಿಸಿದ ಮೇಷ್ಟ್ರೂ ಸುಣ್ಣವನ್ನೇ ಹಾಕುತ್ತಿದ್ದರು.

ನಲ್ಲಿ ಕೆಳಗೆ ಮುಖ ಹಿಡಿಸಿ, ರೆಪ್ಪೆ ಬಿಡಿಸಿ, ಅರ್ಧ ಗಂಟೆ ನೀರು ಬಿಟ್ಟೆವು. ಆಮೇಲೆ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರು ಮೇಲಿನ ರೆಪ್ಪೆ ಮಗುಚಿದರು. ಅದರ ಒಳಗೆ ಸಾಸಿವೆಗಿಂತ ಚಿಕ್ಕ ಬಿಳಿ ಚೂರೊಂದು ಅಂಟಿಕೊಂಡಿತ್ತು. ಒದ್ದೆ ಹತ್ತಿಯಲ್ಲಿ ಅದನ್ನು ತೆಗೆದು, "ನೀರು ಹಾಕಿದ್ದೇ ಪುಣ್ಯ ಮೇಷ್ಟ್ರೇ" ಅಂದರು. ಹುಡುಗಿಯ ಕಣ್ಣಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನದಿಂದಲೇ ಸುಣ್ಣ ಬಿಟ್ಟು ಬೇರೆ ಏನೇನು ಹಾಕಬಹುದು ಅಂತ ಹುಡುಕೋಕೆ ಹೊರಟೆ. ನಮ್ಮದು ಚಿತ್ರದುರ್ಗದ ಕಡೆಯ ಹಳ್ಳಿ ಶಾಲೆ. ಕೆಂಪು ಮಣ್ಣಿನ ಮೈದಾನ, ಜಾಸ್ತಿ ದುಡ್ಡಿಲ್ಲ. ನಮ್ಮಂಥ ಶಾಲೆಗಳಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸುಣ್ಣದ ವಿಷಯವನ್ನೇ ಹೇಳಿಬಿಡ್ತೀನಿ. ಎಲೆ ಅಡಿಕೆಗೆ ಸುಣ್ಣ ಚೂರು ಜಾಸ್ತಿ ಆದರೆ ನಾಲಿಗೆ ಏನಾಗುತ್ತೆ ಅಂತ ನಮ್ಮೆಲ್ಲರಿಗೂ ಗೊತ್ತು. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತೆ. ಚೀಲದಲ್ಲಿ ಪುಡಿಯಾಗಿ ಬರುವ ಅರಳಿದ ಸುಣ್ಣ ಕುದಿಯಲ್ಲ ನಿಜ, ಆದರೆ ಅದರ ಪಿಎಚ್ 12ರ ಮೇಲಿರುತ್ತೆ (7 ದಾಟಿದಷ್ಟೂ ಕ್ಷಾರ ಜಾಸ್ತಿ ಅಂತ ಲೆಕ್ಕ). ಕಣ್ಣಿಗೆ ಆಸಿಡ್ ಬಿದ್ದರೆ ಅಪಾಯ ಅಂತ ಎಲ್ಲರೂ ಹೆದರುತ್ತಾರೆ. ಕ್ಷಾರ ಸಾಮಾನ್ಯವಾಗಿ ಇನ್ನೂ ಕೆಟ್ಟದ್ದು, ಯಾಕಂದ್ರೆ ಅದು ಕಣ್ಣಿನ ಪದರ ಕರಗಿಸಿಕೊಂಡು ಒಳಗೆ ಇಳಿಯುತ್ತೆ. ಬೆವರಿದ ಮೈ, ತರಚಿದ ಮಂಡಿ, ಬರಿಗಾಲು, ಕಬಡ್ಡಿಯಲ್ಲಿ ಎಲ್ಲವೂ ಗೆರೆಗೆ ತಾಗುತ್ತೆ. ಜಪಾನಿನ ಶಾಲೆಗಳಲ್ಲೂ ಮೊದಲು ಇದೇ ಸುಣ್ಣ ಹಾಕುತ್ತಿದ್ದರು. ಮಕ್ಕಳ ಕಣ್ಣಿಗೆ ತೊಂದರೆ ಆಗ್ತಿದೆ ಅಂತ ಕಣ್ಣಿನ ಡಾಕ್ಟರುಗಳು ಎಚ್ಚರಿಸಿದ ಮೇಲೆ, 2007ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಸುಣ್ಣದ ಬದಲು ಕ್ಯಾಲ್ಸಿಯಂ ಕಾರ್ಬೊನೇಟ್ ಬಳಸಿ ಅಂತ ಶಾಲೆಗಳಿಗೆ ತಿಳಿಸಿತು.

ಬೆಳ್ಳಗೆ ಕಾಣುವುದರಲ್ಲಿ ಸುಣ್ಣವನ್ನು ಮೀರಿಸುವುದು ಇಲ್ಲ, ಒಪ್ಪುತ್ತೇನೆ. ತುಂತುರು ಮಳೆಗೂ ಬೇಗ ಜಗ್ಗಲ್ಲ. ಆದರೆ ಮಕ್ಕಳು ಮುಖ ಅಡಿಯಾಗಿ ಬೀಳುವ ಕಡೆ ಅದು ಬೇಡವೇ ಬೇಡ.

ಆ ಕ್ಯಾಲ್ಸಿಯಂ ಕಾರ್ಬೊನೇಟ್ ನಮ್ಮ ಕಡೆ ಎಲ್ಲಿ ಸಿಗುತ್ತೆ ಅನ್ನೋದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಹುಡುಕಿದರೆ ಎಲ್ಲ ಕಡೆ ಇದೆ, ಹೆಸರು ಮಾತ್ರ ಬೇರೆ. ಪೇಂಟ್ ಅಂಗಡಿಯಲ್ಲಿ ಚಾಕ್ ಪೌಡರ್ ಅಂತಾರೆ. ಟೈಲ್ಸ್ ಅಂಗಡಿಯಲ್ಲಿ ಮಾರ್ಬಲ್ ಪೌಡರ್. ಕೋಳಿ ಫಾರಂನವರು ಮೇವಿಗೆ ಬೆರೆಸೋಕೆ ತರುವ ಕ್ಯಾಲ್ಸೈಟ್ ಪುಡಿಯೂ ಇದೇ. ನಾನು ಪೇಂಟ್ ಅಂಗಡಿಯಿಂದ 50 ಕೆಜಿ ಚೀಲ ತಂದೆ, 400 ರೂಪಾಯಿ ಆಯ್ತು. ಅದೇ ಅಂಗಡಿಯಲ್ಲಿ ಸುಣ್ಣದ 25 ಕೆಜಿ ಚೀಲಕ್ಕೆ 350 ಕೊಡ್ತಿದ್ದೆ. ಅಂದರೆ ಸುರಕ್ಷಿತವಾದದ್ದೇ ಅಗ್ಗ! ಇದು ಮೊದಲೇ ಗೊತ್ತಿದ್ದರೆ ಅನ್ನಿಸಿ ಹೊಟ್ಟೆ ಉರೀತು.

ಲೆಕ್ಕ ಹೀಗೆ. ಗಂಡಸರ ಕಬಡ್ಡಿ ಅಂಕಣ 13×10 ಮೀಟರ್. ಲಾಬಿ, ಮಧ್ಯದ ಗೆರೆ, ಬಾಕ್ ಲೈನ್, ಬೋನಸ್ ಲೈನ್ ಎಲ್ಲ ಸೇರಿದರೆ ಸುಮಾರು 115 ಮೀಟರ್ ಗೆರೆ. 5 ಸೆಂಟಿಮೀಟರ್ ಅಗಲಕ್ಕೆ ನನಗೆ ಚಾಕ್ ಪುಡಿ 8 ಕೆಜಿ ಹಿಡಿಯಿತು. ಒಂದು ಅಂಕಣಕ್ಕೆ 65 ರೂಪಾಯಿ ಒಳಗೇ ಮುಗಿಯಿತು.

ತೊಂದರೆಯೂ ಇದೆ. ಪುಡಿ ತುಂಬಾ ನಯ, ಗಾಳಿಗೆ ಹಾರುತ್ತೆ. ನಮ್ಮ ಕಡೆ ಆಷಾಢದ ಗಾಳಿ ಹೇಗಿರುತ್ತೆ ಅಂತ ಗೊತ್ತಲ್ವಾ? ಮೊದಲ ಸಲ ಹಾಕಿದ ಗೆರೆ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಹೋಗಿತ್ತು. ಆಮೇಲೆ ಒಂದು ಉಪಾಯ ಕಂಡುಕೊಂಡೆ. ಹಗ್ಗ ಕಟ್ಟಿ, ಎರಡು ರೀಪರ್‌ಗಳನ್ನು (ಉದ್ದನೆಯ ಮರದ ಪಟ್ಟಿ) 5 ಸೆಂಟಿಮೀಟರ್ ಅಂತರಕ್ಕೆ ಹಗ್ಗದ ಗುಂಟ ಇಡಬೇಕು. ನಡುವಿನ ಮಣ್ಣನ್ನು ಕುರ್ಪಿಯಲ್ಲಿ ಬೆರಳುಗುರಿನಷ್ಟು ಆಳ ಕೆರೆದು, ಹೂವಿನ ಗಿಡಕ್ಕೆ ನೀರು ಹಾಕುವ ಡಬ್ಬಿಯಿಂದ ಚೂರು ನೀರು ಚಿಮುಕಿಸಬೇಕು. ಅದರ ಮೇಲೆ ಹಿಟ್ಟಿನ ಜರಡಿ ಹಿಡಿದು ಪುಡಿ ಉದುರಿಸಬೇಕು. ಒದ್ದೆ ಮಣ್ಣು ಪುಡಿಯನ್ನು ಹಿಡಿದುಕೊಳ್ಳುತ್ತೆ. ರೀಪರ್ ಎತ್ತಿದರೆ ಎರಡೂ ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ ನಿಂತಿರುತ್ತೆ. ಹೀಗೆ ಮಾಡಿದ ಗೆರೆ ಎರಡು ದಿನದ ಆಟ ತಡೆಯಿತು. ಜೋರು ಮಳೆ ಬಂದರೆ ಮಾತ್ರ ಮತ್ತೆ ಹಾಕಲೇಬೇಕು. ಉದುರಿಸುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸುರಕ್ಷಿತ ಪುಡಿ ಅಂದ ಮಾತ್ರಕ್ಕೆ ಉಸಿರಲ್ಲಿ ಎಳೆದುಕೊಳ್ಳೋದು ಬೇಡ.

ಮೂಲೆ ನೇರವಾಗಿದೆಯಾ ಅಂತ ನೋಡೋಕೆ ಗಾರೆ ಮೇಸ್ತ್ರಿಗಳ 3-4-5 ಲೆಕ್ಕವೇ ಸಾಕು: ಮೂಲೆಯಿಂದ ಒಂದು ಗೆರೆಯ ಮೇಲೆ 3 ಮೀಟರ್, ಇನ್ನೊಂದರ ಮೇಲೆ 4 ಮೀಟರ್ ಗುರುತು ಹಾಕಿದರೆ ಎರಡರ ನಡುವೆ 5 ಮೀಟರ್ ಬರಬೇಕು. ಇನ್ನೂ ಸುಲಭ ಬೇಕಾದರೆ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆಯಿರಿ. 13×10ಕ್ಕೆ 16.40 ಮೀಟರ್ ಬರಬೇಕು. 18×9ರ ವಾಲಿಬಾಲ್ ಅಂಕಣಕ್ಕೆ 20.12.

ರಂಗೋಲಿ ಪುಡಿ ನೋಡಿ ಅಂತ ಹೇಳಿದ್ದು ನಮ್ಮ ಬಿಸಿಯೂಟದ ಅಕ್ಕ. ಸಂತೆಯಲ್ಲಿ ಕೆಜಿಗೆ 15 ರೂಪಾಯಿ. ಕೈಯಿಂದ ಇಳಿಯುವುದು ಚೆನ್ನ, ದಪ್ಪ ಕಣ, ಗಾಳಿಗೆ ಹಾರಲ್ಲ. ಬಳಸೋಕೆ ಎಲ್ಲಕ್ಕಿಂತ ಸುಲಭ ಅಂದರೆ ಇದೇ. ಆದರೆ ರಂಗೋಲಿ ಪುಡಿಯನ್ನು ಯಾವ ಕಲ್ಲಿನಿಂದ ಮಾಡಿದ್ದಾರೆ ಅನ್ನೋದು ಮುಖ್ಯ. ಒಂದೊಂದು ಕಡೆ ಬೆಣಚುಕಲ್ಲು ಕುಟ್ಟಿ ಮಾಡ್ತಾರೆ. ಬೆಣಚಿನ ನಯ ಧೂಳು ದಿನಾ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತೆ, ಕಲ್ಲು ಕ್ವಾರಿಯಲ್ಲಿ ದುಡಿಯುವವರಿಗೆ ಬರುವ ಕಾಯಿಲೆ. ಬಳಪದ ಕಲ್ಲಿನ ಪುಡಿಯಾದರೆ ಕಾಲು ಜಾರುತ್ತೆ. ಹಾಗಾಗಿ ಒಂದು ಚಿಟಿಕೆ ಪುಡಿ ಮೇಲೆ ನಿಂಬೆರಸ ಹಿಂಡಿ ನೋಡಿ. ಬುರುಬುರು ನೊರೆ ಬಂದರೆ ಅದು ಕಾರ್ಬೊನೇಟ್ ಕಲ್ಲು. ಸುಮ್ನೆ ಒದ್ದೆಯಾಗಿ ಕೂತರೆ ನಾನು ಅದನ್ನು ಮೈದಾನಕ್ಕೆ ತರಲ್ಲ. ನಾನು ತಂದ ಎರಡು ಪೊಟ್ಟಣದಲ್ಲಿ ಒಂದು ನೊರೆ ಬಿಟ್ಟಿತು, ಇನ್ನೊಂದು ಬಿಡಲಿಲ್ಲ.

ಜಿಪ್ಸಂ ಕೂಡ ಹಾಕಿ ನೋಡಿದೆ. ನಮ್ಮ ಕಡೆ ಶೇಂಗಾಕ್ಕೆ ರೈತರು ಜಿಪ್ಸಂ ಹಾಕ್ತಾರೆ, ಒಬ್ಬ ಪೋಷಕರು ಮಿಕ್ಕಿದ್ದ ಅರ್ಧ ಚೀಲ ಕೊಟ್ಟರು. ಕ್ಷಾರದ ಭಯ ಇಲ್ಲ, ಮಣ್ಣಿಗೂ ಒಳ್ಳೇದು. ಆದರೆ ಬಣ್ಣ ಬೂದಿ. ಹತ್ತಿರ ನಿಂತರೆ ಕಾಣುತ್ತೆ, ಅಂಪೈರ್ ನಿಲ್ಲೋ ಜಾಗದಿಂದ ಮಣ್ಣಿನ ಜೊತೆ ಸೇರಿಹೋಗುತ್ತೆ. ಗಂಟು ಬೇರೆ ಕಟ್ಟುತ್ತೆ. ಒಲೆ ಬೂದಿಯ ಕತೆಯೂ ಹಾಗೇ, ಜೊತೆಗೆ ಅದರಲ್ಲೂ ಕ್ಷಾರ ಇದೆ. ಮೈದಾ ಹಾಕೋರನ್ನೂ ನೋಡಿದ್ದೀನಿ. ತಿನ್ನೋ ಹಿಟ್ಟನ್ನು ನೆಲಕ್ಕೆ ಚೆಲ್ಲೋಕೆ ನನಗೆ ಮನಸ್ಸು ಬರಲಿಲ್ಲ.

ಪೇಂಟ್ ವಿಷಯಕ್ಕೆ ಬರೋಣ. ಓಟದ ಟ್ರ್ಯಾಕ್‌ಗೆ ಪುಡಿ ಹಾಕಿ ಸಾಕಾಗಿತ್ತು. ಒಂದೊಂದು ಲೇನ್ 1.22 ಮೀಟರ್ ಅಗಲ, ನಮ್ಮದು 200 ಮೀಟರ್ ಟ್ರ್ಯಾಕ್, ಆರು ಲೇನ್. ಗೆರೆಯ ಉದ್ದ ನೀವೇ ಊಹಿಸಿ. ಗೋಡೆಗೆ ಹೊಡೆಯುವ ಅಗ್ಗದ ಬಿಳಿ ಎಮಲ್ಷನ್‌ಗೆ ಬರೀ ನೀರು ಬೆರೆಸಿ ಹೊಡೆದಾಗ ಸಡಿಲ ಮಣ್ಣು ಎಲ್ಲವನ್ನೂ ಕುಡಿದುಬಿಟ್ಟಿತು. ಆಮೇಲೆ ಒಂದು ಲೀಟರ್ ಎಮಲ್ಷನ್, 5 ಕೆಜಿ ಚಾಕ್ ಪುಡಿ, 6 ಲೀಟರ್ ನೀರು ಕಲಸಿ, ಹಿಂದಿನ ದಿನ ನೀರು ಹೊಡೆದು ರೋಲರ್ ಎಳೆದು ಗಟ್ಟಿ ಮಾಡಿದ ಮಣ್ಣಿನ ಮೇಲೆ ಬ್ರಷ್‌ನಲ್ಲಿ ಎಳೆದೆವು. ಇದು ನಿಂತಿತು. ಜಿಟಿಜಿಟಿ ಮಳೆಯಲ್ಲೂ ಐದು ದಿನ ಗೆರೆ ಕಾಣ್ತಿತ್ತು. ಖರ್ಚು ಪುಡಿಗಿಂತ ಎರಡು ಮೂರು ಪಟ್ಟು ಜಾಸ್ತಿ, ಆದರೆ ಟ್ರ್ಯಾಕ್‌ಗೆ ಅದು ದಂಡವಲ್ಲ. ಹುಲ್ಲಿನ ಮೈದಾನ ಇದ್ದವರು ಪುಡಿ ಗೊಡವೆಗೇ ಹೋಗಬೇಡಿ, ನೀರಿನ ಪೇಂಟೇ ಸರಿ. ಎನಾಮೆಲ್‌ಗೆ ಸೀಮೆಎಣ್ಣೆ ಬೆರೆಸಿ ಹೊಡೆದರೆ ಹುಲ್ಲು ಸುಟ್ಟುಹೋಗುತ್ತೆ. ಶಾಲೆಯ ಸ್ಟೋರ್ ರೂಮಿನಲ್ಲಿ ಬಿದ್ದಿರುವ ಹಳೇ ಡಬ್ಬಿಗಳನ್ನಂತೂ ಮುಟ್ಟಬೇಡಿ. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಬಂದಿದ್ದೇ 2016ರಲ್ಲಿ.

ವಾಲಿಬಾಲ್‌ಗೆ ನನ್ನ ಆಯ್ಕೆ ನವಾರ. ಮಂಚಕ್ಕೆ ಹೆಣೆಯುತ್ತಾರಲ್ಲ, ಅದೇ ಬಿಳಿ ಪಟ್ಟಿ. ಹೊರಗಿನ ಗೆರೆ, ಮಧ್ಯದ್ದು, ಎರಡು ಅಟ್ಯಾಕ್ ಲೈನ್ ಸೇರಿ 81 ಮೀಟರ್ ಬೇಕು. ಐದು ಸೆಂಟಿಮೀಟರ್ ಅಗಲದ್ದೇ ಕೇಳಿ ತರಬೇಕು. ಮೊದಲ ಸಲ ದುಡ್ಡು ಜಾಸ್ತಿ ಅನ್ನಿಸುತ್ತೆ. ನನ್ನದು ಈಗ ಎರಡು ವರ್ಷದಿಂದ ನಡೀತಿದೆ, ಆಟ ಮುಗಿದ ಮೇಲೆ ಸುತ್ತಿ ಒಳಗಿಡ್ತೀವಿ. ಮೊಳೆ ಹೊಡೆಯಬೇಡಿ. ದಪ್ಪ ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ, ಗೇಣುದ್ದ ನೆಲಕ್ಕೆ ಇಳಿಸಿ, ತಲೆ ಮಣ್ಣಿಗೆ ಸಮ ಆಗೋವರೆಗೆ ಹೊಡೆಯಿರಿ. ಕಬಡ್ಡಿ, ಖೋಖೋಗೆ ಇದು ಆಗಲ್ಲ. ಬರಿಗಾಲಿನ ಹೆಬ್ಬೆರಳು ಪಟ್ಟಿ ಕೆಳಗೆ ಸಿಕ್ಕಿಕೊಳ್ಳುತ್ತೆ. ಒಂದೇ ದಿನ ನೋಡಿ ತೆಗೆಸಿದೆ.

ಇನ್ನು ಬೆಳ್ಳಗಿದೆ ಅಂತ ಮೋಸ ಹೋಗುವಂಥವು ಕೆಲವು. ವಾಲ್ ಪುಟ್ಟಿ, ವೈಟ್ ಸಿಮೆಂಟ್ ಎರಡರಲ್ಲೂ ಇರೋದು ಸಿಮೆಂಟೇ, ಸುಣ್ಣದಷ್ಟೇ ಸುಡುತ್ತೆ. ಜಾತ್ರೆ ಬೀದಿಗೆ ಉದುರಿಸುವ ಬ್ಲೀಚಿಂಗ್ ಪೌಡರ್ ಉಸಿರಿಗೂ ಕಣ್ಣಿಗೂ ಕೆಟ್ಟದ್ದು. ಗೆರೆ ಅಳಿಸದಿರಲಿ ಅಂತ ಗಾಡಿಯ ವೇಸ್ಟ್ ಆಯಿಲ್ ಸುರಿಯುವ ಅಭ್ಯಾಸವೂ ಕೆಲವು ಕಡೆ ಇದೆ. ಮಕ್ಕಳು ಹೊರಳಾಡುವ ಮಣ್ಣು ಅದು, ದಯವಿಟ್ಟು ಬಿಡಿ.

ಅಂಗಡಿಯಲ್ಲಿ ಎಲ್ಲ ಬಿಳಿ ಪುಡಿಗಳೂ ಒಂದೇ ಥರದ ಚೀಲದಲ್ಲಿ ಇರುತ್ತವೆ. ಅದಕ್ಕೆ ಒಂದು ಪರೀಕ್ಷೆ ಇದೆ, ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವಂಥದ್ದು. ಆರತಿ ತಟ್ಟೆಯ ನೀರು ಹೇಗೆ ಕೆಂಪಾಗುತ್ತೆ? ಅರಿಶಿನಕ್ಕೆ ಸುಣ್ಣ ಸೇರಿ. ಹಾಗೇ ಒಂದು ಲೋಟ ನೀರಿಗೆ ಚಿಟಿಕೆ ಅರಿಶಿನ ಕದಡಿ, ಪುಡಿ ಹಾಕಿ ನೋಡಿ. ಕಡುಗೆಂಪಾದರೆ ಅದು ಸುಣ್ಣ, ಇಲ್ಲಾ ಸಿಮೆಂಟ್. ಚಾಕ್ ಪುಡಿಯಾದರೆ ಹಳದಿ ಹಾಗೇ ಉಳಿಯುತ್ತೆ.

ಈ ವರ್ಷದ ಹೋಬಳಿ ಕ್ರೀಡಾಕೂಟ ನಮ್ಮ ಶಾಲೆಯಲ್ಲೇ ಆಯಿತು. ಅಂಗಡಿಯಿಂದ ಚಾಕ್ ಪುಡಿ ಅಂತ ಮೂರು ಚೀಲ ಬಂತು. ಆ ಹುಡುಗಿ ಈಗ ಹತ್ತನೇ ತರಗತಿ ಮುಗಿಸಿ ಕಾಲೇಜಿಗೆ ಹೋಗ್ತಾಳೆ, ಅಂಕಣ ಹಾಕೋಕೆ ತಾನೇ ಬಂದಿದ್ದಳು. ಮೂರು ಲೋಟ ಇಟ್ಟು ಅರಿಶಿನ ಕದಡಿದ್ದೂ ಅವಳೇ. ಎರಡು ಲೋಟ ಹಳದಿಯಾಗೇ ಉಳಿದವು. ಮೂರನೆಯದು ಕೆಂಪಾಯಿತು. ಆ ಚೀಲದ ಬಾಯಿ ಕಟ್ಟಿ ಅದೇ ಆಟೋದಲ್ಲಿ ವಾಪಸ್ ಕಳಿಸಿದೆವು.