ಎಲೆಕ್-ಟ್ರ್ಯಾಕ್ ಮೋಟರ್ ರೀಬಿಲ್ಡ್ ಅಂತ ಬಣ್ಣ ಬಳಿದು ಕೊಟ್ಟರು, ಹುಷಾರು!

ಬರೆಯುವುದಕ್ಕೇ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಇನ್ನೊಬ್ಬರು ನನ್ನ ಹಾಗೆ ಟೋಪಿ ಹಾಕಿಸಿಕೊಳ್ಳಬಾರದು.

ನನ್ನದು ಜನರಲ್ ಎಲೆಕ್ಟ್ರಿಕ್‌ನ ಎಲೆಕ್-ಟ್ರ್ಯಾಕ್ ಇ15, ಬ್ಯಾಟರಿಯಲ್ಲಿ ಓಡುವ ಪುಟ್ಟ ತೋಟದ ಟ್ರ್ಯಾಕ್ಟರ್. 1969ರಲ್ಲಿ ಶುರುವಾದ ಸಾಲಿನ ಗಾಡಿ, ಹೊಸ ಮೋಟರ್ ಎಲ್ಲಿಂದ ತರೋದು? ಏರು ಬಂದರೆ ಏದುಸಿರು ಬಿಡುತ್ತಿತ್ತು, ಬ್ರಷ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇಂಗಾಲದ ತುಂಡು) ಹತ್ತಿರ ಕಿಡಿ. ಬ್ಯಾಟರಿ ಮೊದಲೇ ನೋಡಿದ್ದೆ. 6 ವೋಲ್ಟಿನ ಆರೂ ಸರಿ, ಒಟ್ಟು 38 ವೋಲ್ಟ್, ಆಸಿಡ್ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಎಲ್ಲ ಸೆಲ್ಲೂ 1.265ರ ಆಸುಪಾಸು, ಅಂದರೆ ಫುಲ್ ಚಾರ್ಜ್. ಹಾಗಾಗಿ ಗಾಡಿ ಓಡಿಸುವ ಡ್ರೈವ್ ಮೋಟರ್ ಬಿಚ್ಚಿ, ರೀಬಿಲ್ಡ್ ಮಾಡುವವನೊಬ್ಬನಿಗೆ ಕಳಿಸಿದೆ. ಆ ಪುಣ್ಯಾತ್ಮ ಫೀಲ್ಡ್ ವೀಕನಿಂಗ್ (ಮೋಟರಿನ ಕಾಂತಕ್ಷೇತ್ರ ತಗ್ಗಿಸಿ ವೇಗ ಹೆಚ್ಚಿಸೋದು) ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದ ಅಂದರೆ, ಪೂರ್ತಿ ದುಡ್ಡು ಮೊದಲೇ ಕೊಟ್ಟುಬಿಟ್ಟೆ. ಪೂರ್ತಿ!

ವಾಪಸ್ ಬಂದಾಗ ಫಳಫಳ. ಹತ್ತು ನಿಮಿಷ ಓಡಿಸಿದೆ, ಸುಟ್ಟ ವಾಸನೆ. ಕವರ್ ತೆಗೆದು, ಬ್ರಷ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್ ಮೇಲೆ ಉಗುರು ಎಳೆದೆ. ಲೇತ್‌ಗೆ ಹಾಕಿ, ತಾಮ್ರದ ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ತಗ್ಗಾಗುವಂತೆ ಕೆರೆದಿದ್ದರೆ ಉಗುರು ಟಕ್ ಟಕ್ ಅಂತ ಸಿಕ್ಕಬೇಕು, ಅಲ್ವಾ? ಜಾರಿಕೊಂಡು ಹೋಯಿತು. ಗಾಜಿನ ಮೇಲೆ ಹೋದ ಹಾಗೆ. ಬ್ರಷ್ ಎಳೆದು ನೋಡಿದರೆ ಅವೇ ಹಳೆಯವು, ನಾನೇ ಹಿಂದೊಮ್ಮೆ ಮೂಲೆ ಮುರಿದದ್ದೂ ಅಲ್ಲೇ ಕೂತಿದೆ. ಹೊರಗೆ ಮಾತ್ರ ಹೊಸ ಬಣ್ಣ, ಅದೂ ಜಿಡ್ಡಿನ ಮೇಲೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕೇಳಿದ್ದಕ್ಕೆ ಮೊದಲ ಉತ್ತರ: "ಹಳೇ ಗಾಡಿ ಸರ್, ಇಷ್ಟೇ ಬರೋದು."
ಆಮೇಲೆ: "ಬ್ಯಾಟರಿ ಚೆಕ್ ಮಾಡ್ಸಿ." ಮಾಡಿದ್ದೆ ಮಾರಾಯ, ಮಾಡಿಯೇ ಕಳಿಸಿದ್ದೆ!
ಬ್ರಷ್ ಫೋಟೋ ಕಳಿಸಿದೆ. ಉತ್ತರ: "ನೀವೇ ಬಿಚ್ಚಿದೀರಲ್ಲ, ಇನ್ನು ಗ್ಯಾರಂಟಿ ಇಲ್ಲ." ಬಿಚ್ಚದೆ ಹೇಗೆ ಗೊತ್ತಾಗಬೇಕಿತ್ತು ಸ್ವಾಮಿ? ಅಲ್ಲಿಂದ ಆಚೆಗೆ ಮೆಸೇಜ್ ನೋಡುತ್ತಾನೆ, ಸುಮ್ನೆ ಇರುತ್ತಾನೆ.

ಕಳಿಸುವ ಮೊದಲು ಬ್ರಷ್‌ನ ಬದಿಯ ಮೇಲೇ ಸೂಜಿಯಿಂದ ಗುರುತು ಹಾಕಿ. ಬಿಚ್ಚಿದ ಹಳೇ ಬ್ರಷ್, ಬೇರಿಂಗ್ ವಾಪಸ್ ಕೇಳಿ. ಕೊಡಲ್ಲ ಅಂದರೆ ಮೋಟರ್ ಕೊಡಬೇಡಿ. ಬಣ್ಣ ಬೇಡ ಅಂತಲೂ ಹೇಳಿ. ಇದನ್ನೆಲ್ಲ ನಾನೇ ಬೇರೆಯವರಿಗೆ ಹೇಳುತ್ತಿದ್ದವನು, ಥೂ!

ಈಗ ಹ್ಯಾಕ್ಸಾ ಬ್ಲೇಡಿನ ತುಂಡು ಹಿಡಿದು ಒಂದೊಂದೇ ಸಂದಿನ ಮೈಕಾ ನಾನೇ ಕೆರೆಯುತ್ತಿದ್ದೇನೆ. ನಿನ್ನೆ ಆತನ ಹೊಸ ಜಾಹೀರಾತು ಕಣ್ಣಿಗೆ ಬಿತ್ತು. "ಪೂರ್ತಿ ರೀಬಿಲ್ಡ್ ಮಾಡಿದ ಮೋಟರ್" ಅಂತ ಫೋಟೋ. ಟರ್ಮಿನಲ್ ಪಕ್ಕ ನನ್ನ ಮೋಟರಿಗಿದ್ದ ಹಳೇ ತಗ್ಗು ನೋಡಿದ ಕೂಡಲೇ ಗೊತ್ತಾಯಿತು. ಅದು ನನ್ನದೇ ಮೋಟರ್.