ಅವ್ವನ ಊಟ: ಮುದ್ದೆಯೋ, ಅನ್ನವೋ, ನವಣೆಯೋ?

ನಮ್ಮವ್ವನಿಗೆ 74 ವರ್ಷ. ಮಂಡ್ಯ ಕಡೆಯವಳು, ಶುಗರ್ ಕಾಯಿಲೆ ಇದೆ. ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ಅವಳ ಪಾಲಿಗೆ ಅದು ಊಟವೇ ಅಲ್ಲ. ರಾಗಿ ತಿಂದರೆ ಶುಗರ್ ಏರಲ್ಲ ಅನ್ನೋ ಮಾತನ್ನು ನಾವೂ ನಂಬಿದ್ದೆವು. ಹೋದ ವರ್ಷ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಹಿಡಿದು ಒಂದು ತಿಂಗಳು ನೋಡಿದೆ. ಮಾತ್ರೆ ಅದೇ. ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಬೆರಳು ಚುಚ್ಚುವುದು. ಈ ವಯಸ್ಸಿಗೆ 180ರ ಒಳಗಿದ್ದರೆ ಸಾಕು ಎಂದಿದ್ದರು ಅವ್ವನ ಡಾಕ್ಟರ್.

ಬಿಳಿ ಅನ್ನ, ತಿಳಿಸಾರು ಉಂಡ ದಿನ 240. ಅದು ಗೊತ್ತಿದ್ದದ್ದೇ. ದೊಡ್ಡ ಮುದ್ದೆಗೆ ಅದೇ ತಿಳಿಸಾರು ಬಿಟ್ಟಾಗ 228! ನನಗೆ ತುಂಬಾ ಬೇಜಾರಾಯಿತು. ಆದರೆ ರಾಗಿಯಲ್ಲೂ ಇರುವುದು ಪಿಷ್ಟವೇ ಅಲ್ವಾ? ಹಿಟ್ಟು ನುಣ್ಣಗಾದಷ್ಟೂ ಬೇಗ ಅರಗುತ್ತದೆ.

ನವಣೆ ಅನ್ನದ್ದು ಎಲ್ಲಕ್ಕಿಂತ ಕಡಿಮೆ, 162. ಆದರೆ ಅವ್ವನದು ಕಟ್ಟಿಸಿದ ಹಲ್ಲು. ಉದುರುದುರು ಅನ್ನ ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ನೀರು ಜಾಸ್ತಿ ಹಾಕಿ ಮೆತ್ತಗೆ ಬೇಯಿಸಿದೆ, 200 ದಾಟಿತು. ಚಪಾತಿಯೂ ಅಗಿಯಲಾಗದೆ ಎರಡೇ ದಿನಕ್ಕೆ ನಿಂತಿತು.

ಆಮೇಲೆ ಮುದ್ದೆಯನ್ನೇ ಅರ್ಧ ಮಾಡಿದೆ. ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯ, ಆಮೇಲೆ ಹುರುಳಿಕಾಳಿನ ಬಸ್ಸಾರಲ್ಲಿ ಮುದ್ದೆ. 174 ಬಂತು. ಮೂರು ದಿನ ನೋಡಿದರೂ ಅಷ್ಟೇ ಆಸುಪಾಸು. ಸೊಪ್ಪು ಮೊದಲು ಹೊಟ್ಟೆ ಸೇರಿ, ಜೊತೆಗೆ ಕಾಳೂ ಇದ್ದರೆ ಪಿಷ್ಟ ನಿಧಾನವಾಗಿ ಅರಗುತ್ತದೆ. ಮುದ್ದೆ ನುಂಗುವುದು ತಾನೆ, ಹಲ್ಲಿನ ತಾಪತ್ರಯವೂ ಇಲ್ಲ.

ರಾತ್ರಿ ಊಟದಲ್ಲಿ ಮಾತ್ರ ನಾನು ತಪ್ಪು ಮಾಡಿದೆ. ಶುಗರ್ ಇನ್ನೂ ಇಳಿಯಲಿ ಎಂದು ಒಂದು ದಿನ ಬರೀ ಒಂದು ಲೋಟ ಅಂಬಲಿ ಕೊಟ್ಟೆ. ಮಾತ್ರೆ ಎಂದಿನಷ್ಟೇ. ಬೆಳಗಿನ ಜಾವ ನಾಲ್ಕಕ್ಕೆ ಅವ್ವನ ರವಿಕೆ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು. 58. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿದಾಗ 84. ಆಮೇಲೆ ಅರ್ಧ ಮುದ್ದೆ ತಿನ್ನಿಸಿದೆ. ವಯಸ್ಸಾದವರ ವಿಷಯದಲ್ಲಿ 240ಕ್ಕಿಂತ ಆ 58ಕ್ಕೇ ನಾನು ಹೆಚ್ಚು ಹೆದರುತ್ತೇನೆ. ಅದೇ ವಾರ ಡಾಕ್ಟರ್ ರಾತ್ರಿಯ ಮಾತ್ರೆ ಕಡಿಮೆ ಮಾಡಿದರು.

ಈಗ ಎರಡು ಹೊತ್ತೂ ಅರ್ಧ ಮುದ್ದೆ, ಕಾಳು, ಸೊಪ್ಪು. ಮುದ್ದೆ ಚಿಕ್ಕದಾಯಿತು ಎಂದು ಮೊದಲು ಮುನಿಸಿಕೊಂಡಿದ್ದ ಅವ್ವ ಈಗ ಸೊಪ್ಪು ತಾನೇ ಬಿಡಿಸಿಕೊಡುತ್ತಾಳೆ.