ಸೂರ್ಯ: ಸಣ್ಣ ಉರಿಯ ಒಲೆ, 460 ಕೋಟಿ ವರ್ಷದ ಬಳಕೆಯ ನಂತರ

ಈ ಒಲೆಯಲ್ಲಿ ಮೆಚ್ಚಬೇಕಾದ ಗುಣ ಒಂದೇ, ಸೋಮಾರಿತನ. ಗರ್ಭದಲ್ಲಿ 1.5 ಕೋಟಿ ಡಿಗ್ರಿ ತಾಪ ಎಂದ ಕೂಡಲೇ ಧಗಧಗಿಸುವ ಕುಲುಮೆ ಕಣ್ಣಮುಂದೆ ಬರುತ್ತದೆ. ಲೆಕ್ಕ ಹಾಕಿ ನೋಡಿ: ಅಲ್ಲಿನ ಒಂದು ಘನ ಮೀಟರಿನಲ್ಲಿ ಹುಟ್ಟುವುದು 300 ವಾಟ್‌ಗಿಂತ ಕಡಿಮೆ. ಸುಮ್ಮನೆ ಕೂತ ಮನುಷ್ಯನ ಮೈ ಅಷ್ಟೇ ಗಾತ್ರಕ್ಕೆ ಇದರ ನಾಲ್ಕೈದು ಪಟ್ಟು ಶಾಖ ಬಿಡುತ್ತದೆ! ಒಲೆ ದೊಡ್ಡದು, ಅದಕ್ಕೇ ಇಷ್ಟು ಬೆಳಕು.

ನಿಧಾನಕ್ಕೆ ಕಾರಣ ಬೆಸುಗೆಯ, ಅಂದರೆ ಜಲಜನಕದ ನ್ಯೂಕ್ಲಿಯಸ್‌ಗಳಾದ ಪ್ರೋಟಾನ್‌ಗಳು ಕೂಡಿ ಹೀಲಿಯಂ ಆಗುವ ಕೆಲಸದ, ಮೊದಲ ಹಂತ. ಎರಡು ಪ್ರೋಟಾನ್‌ಗಳು ಹತ್ತಿರ ಬಂದರೆ ವಿದ್ಯುದಾವೇಶ ದೂರ ತಳ್ಳುತ್ತದೆ, ದಾಟಬೇಕಾದ ಗೋಡೆ ಅದೇ. ಅವುಗಳ ಸರಾಸರಿ ಶಕ್ತಿ ಆ ಗೋಡೆಯ ಎತ್ತರದ ಸಾವಿರದಲ್ಲೊಂದು ಪಾಲಿನ ಆಸುಪಾಸು. ಹಾರಿ ದಾಟುವ ಮಾತೇ ಇಲ್ಲ, ಕ್ವಾಂಟಂ ಸುರಂಗದಲ್ಲಿ, ಅಂದರೆ ಶಕ್ತಿ ಸಾಲದಿದ್ದರೂ ಗೋಡೆ ತೂರಲು ಕಣಗಳಿಗಿರುವ ಸಣ್ಣ ಸಾಧ್ಯತೆಯಲ್ಲಿ, ನುಸುಳಬೇಕು. ಭೌತವಿಜ್ಞಾನಿ ಜಾರ್ಜ್ ಗ್ಯಾಮೊವ್ 1928ರಲ್ಲಿ ನ್ಯೂಕ್ಲಿಯಸ್ಸಿನಿಂದ ಹೊರಬೀಳುವ ಆಲ್ಫಾ ಕಣಗಳಿಗೆ ತೋರಿಸಿದ ದಾರಿಯೇ ಇದು, ದಿಕ್ಕು ಮಾತ್ರ ಉಲ್ಟಾ. ನುಸುಳಿದ ಮೇಲೂ ಕೆಲಸ ಬಾಕಿ. ಎರಡು ಪ್ರೋಟಾನ್‌ಗಳನ್ನು ಅಂಟಿಸಿ ಹಿಡಿಯಲು ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಪ್ರಬಲ ಬಲ ಸ್ವಲ್ಪದರಲ್ಲಿ ಸಾಲದು. ಜೊತೆಗಿರುವ ಆ ಕ್ಷಣದಲ್ಲೇ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಬೇಕು. ಅದು ಕಣದ ಜಾತಿಯನ್ನೇ ಬದಲಿಸುವ ದುರ್ಬಲ ಬಲದ ಖಾತೆ, ಅಲ್ಲಿ ಕಡತ ಬೇಗ ಕದಲುವುದಿಲ್ಲ. ಹೀಗಾಗಿ ಒಂದು ಪ್ರೋಟಾನ್ ತನ್ನ ಸರದಿಗೆ ಸರಾಸರಿ ನೂರಾರು ಕೋಟಿ ವರ್ಷ ಕಾಯುತ್ತದೆ. ಆಮೇಲಿನದು ಸಲೀಸು: ಹುಟ್ಟಿದ ಡ್ಯೂಟೀರಿಯಂ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಇರುವ ಭಾರ ಜಲಜನಕ) ಕೆಲವೇ ಸೆಕೆಂಡಿನಲ್ಲಿ ಇನ್ನೊಂದು ಪ್ರೋಟಾನ್ ಹಿಡಿದು ಹೀಲಿಯಂ-3 ಆಗುತ್ತದೆ, ಅಂಥವೆರಡು ಡಿಕ್ಕಿಯಾಗಿ ಹೀಲಿಯಂ-4. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಖರ್ಚು, ಅದರಲ್ಲಿ ಶೇ. 0.7ರಷ್ಟು ದ್ರವ್ಯ ಶಕ್ತಿಯಾಗಿ ಹೊರಬೀಳುತ್ತದೆ.

ಉರಿ ಏರಿಳಿಸಲು ಗುಂಡಿ ಬೇಕಿಲ್ಲ. ಬೆಸುಗೆ ಜೋರಾದರೆ ಗರ್ಭ ಹಿಗ್ಗಿ ತಣಿಯುತ್ತದೆ, ಬೆಸುಗೆ ಇಳಿಯುತ್ತದೆ. ಮಂದವಾದರೆ ಗುರುತ್ವ ಹಿಂಡಿ ಬಿಸಿ ಮಾಡುತ್ತದೆ. ಸೂರ್ಯನ ಮೇಲಿನ ಕಪ್ಪು ಕಲೆಗಳು ಹೆಚ್ಚಿ ಕಡಿಮೆಯಾಗುವ 11 ವರ್ಷದ ಚಕ್ರದಲ್ಲಿ ಒಟ್ಟು ಬೆಳಕು ಬದಲಾಗುವುದು ಶೇ. 0.1ರಷ್ಟು ಮಾತ್ರ.

ಬೆಳಕಿನ ಹದವೂ ಚೆನ್ನಾಗಿದೆ. ಕಣ್ಣಿಗೆ ಕಾಣುವ ಫೋಟಾನ್‌ಗಳದ್ದು ಸುಮಾರು 1.6ರಿಂದ 3.2 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯ ಅಳತೆ). ಇಂಗಾಲ-ಇಂಗಾಲದ ಬಂಧ ಮುರಿಯಲು 3.6 ಬೇಕು. ಅಂದರೆ ಎಲೆಯ ಪತ್ರಹರಿತ್ತನ್ನು ತಟ್ಟಿ ಎಬ್ಬಿಸುವಷ್ಟು ಕಸುವಿದೆ, ಅಣುವನ್ನು ಒಡೆದು ಹಾಕುವಷ್ಟಿಲ್ಲ. ನೀರು ಪಾರದರ್ಶಕವಾಗಿರುವುದೂ ಇದೇ ಬೆಳಕಿಗೆ. ಅತಿನೇರಳೆ ಕಿರಣ ಮಾತ್ರ ಒಲೆಯ ದೋಷವೇ; ಓಝೋನ್ ಪದರ ಬಳಕೆದಾರರೇ, ಅಂದರೆ ಭೂಮಿಯ ಜೀವಿಗಳೇ, ಆಮ್ಲಜನಕ ಬಿಟ್ಟು ಕಟ್ಟಿಕೊಂಡ ಪರದೆ, ಒಲೆಯ ಜೊತೆ ಬಂದದ್ದಲ್ಲ.

ಇಂಗಾಲವೂ ಜೊತೆಗೆ ಬರುವುದಿಲ್ಲ. ಮೂರು ಹೀಲಿಯಂ ಸೇರಿ ಇಂಗಾಲವಾಗಲು ಸುಮಾರು 10 ಕೋಟಿ ಡಿಗ್ರಿ ಬೇಕು, ಇಂಗಾಲದ ನ್ಯೂಕ್ಲಿಯಸ್ಸಿನಲ್ಲಿ 7.65 ಮೆಗಾ (ದಶಲಕ್ಷ) ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯ ಮೆಟ್ಟಿಲೂ ಇರಬೇಕು. ಆ ಮೆಟ್ಟಿಲು ಇರಲೇಬೇಕೆಂದು ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ಹೇಳಿದರು, ಪ್ರಯೋಗಾಲಯದಲ್ಲಿ ಸಿಕ್ಕಿತು. ನಮ್ಮ ಮೈಯ ಇಂಗಾಲ ಹಳೆಯ, ಸತ್ತ ನಕ್ಷತ್ರಗಳ ಸರಕು.

ಬೇರೆ ಮಾದರಿಗಳ ಕಡೆ ಆಸೆಪಡುವಂತಿಲ್ಲ. ಹತ್ತಾರು ಪಟ್ಟು ಭಾರದ ನಕ್ಷತ್ರ ಕೆಲವೇ ಕೋಟಿ ವರ್ಷದಲ್ಲಿ ಖಾಲಿ. ಕೆಂಪು ಕುಬ್ಜದ (ಸೂರ್ಯನಿಗಿಂತ ಚಿಕ್ಕ, ಮಂದ ನಕ್ಷತ್ರದ) ಇಂಧನ ಮುಗಿಯುವುದೇ ಇಲ್ಲ ಎನ್ನಬಹುದು, ಆದರೆ ಹಿತವಾದ ಬಿಸಿಗೆ ತೀರಾ ಹತ್ತಿರ ಕೂರಬೇಕು. ಆಗ ಗ್ರಹದ ಒಂದೇ ಮೈ ಸದಾ ಬೆಂಕಿಗೆ ತಿರುಗಿ ನಿಲ್ಲುವ ಸಾಧ್ಯತೆ ಹೆಚ್ಚು, ಮೇಲೆ ಸ್ಫೋಟಗಳ ಕಾಟ.

ಸ್ಫೋಟ ನಮ್ಮದರಲ್ಲೂ ಉಂಟು. ಅದರ ಹೊಡೆತಕ್ಕೆ 1859ರಲ್ಲಿ ಟೆಲಿಗ್ರಾಫ್ ತಂತಿ ಕಿಡಿ ಕಾರಿತು, 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯ ಗಂಟೆಗಟ್ಟಲೆ ಕತ್ತಲಲ್ಲಿ ಕೂತಿತು. ದೊಡ್ಡ ತಕರಾರು ಬೇರೆ: ಹೀಲಿಯಂ ಬೂದಿ ತುಂಬಿಕೊಂಡಂತೆಲ್ಲ ಗರ್ಭ ಕುಗ್ಗಿ, ಉರಿ 10 ಕೋಟಿ ವರ್ಷಕ್ಕೆ ಸುಮಾರು ಶೇ. 1ರಂತೆ ಏರುತ್ತಿದೆ. ಇನ್ನು 100 ಕೋಟಿ ವರ್ಷದ ಹೊತ್ತಿಗೆ ಸಾಗರಗಳು ಆರತೊಡಗುತ್ತವೆ. ಒಲೆಯಲ್ಲಿ ಆಗಲೂ 400 ಕೋಟಿ ವರ್ಷಕ್ಕಾಗುವಷ್ಟು ಜಲಜನಕ ಇದ್ದೇ ಇರುತ್ತದೆ.